ಹಸಿರೆಲೆ, ಕೆಂಪು ದಡಿ

ಮೊದಲೇ ಹೇಳಿಬಿಡ್ತೀನಿ, ನಾನು ಚಹಾದ ಪಂಡಿತನಲ್ಲ. ದಿನಕ್ಕೆ ಐದಾರು ಸಲ ಚಹಾ ಕುಡಿಯುವ ಒಬ್ಬ ಕನ್ನಡ ಶಾಲೆ ಮಾಸ್ತರ, ಅಷ್ಟೇ. ಅದೂ ಎಂಥ ಚಹಾ? ಜಜ್ಜಿದ ಶುಂಠಿ, ಕೈಬಿಚ್ಚಿ ಸಕ್ಕರೆ, ಎಮ್ಮೆ ಹಾಲು ಹಾಕಿ ಮೂರು ಸಲ ಉಕ್ಕಿಸಿ ಇಳಿಸಿದ ಚಹಾ. ಬಶಿಗೆ ಸುರಿದು ಎರಡು ನಿಮಿಷ ಬಿಟ್ಟರೆ ಮೇಲೆ ಕೆನೆ ಕಟ್ಟಬೇಕು. ಅಕ್ಕಲಕೋಟೆ ಕಡೆಯವರಿಗೆ ಚಹಾ ಅಂದರೆ ಇದೇ. ನಾವು ಹಾಲಿಲ್ಲದ ಚಹಾ ಕುಡಿಯೋದು ಜ್ವರ ಬಂದಾಗ, ಇಲ್ಲಾ ಪಗಾರ ತಡ ಆದಾಗ!

ಇಂಥವನ ಮೇಜಿನ ಮೇಲೆ ಈ ಸಲ ಸಂಕ್ರಾಂತಿ ಹೊತ್ತಿಗೆ ಒಂದು ತಗಡಿನ ಡಬ್ಬಿ ಬಂದು ಕೂತಿತು. ತಂದವನು ನಮ್ಮ ಹಳೆಯ ವಿದ್ಯಾರ್ಥಿ. ಏಳನೇ ಇಯತ್ತೆವರೆಗೆ ನನ್ನ ಕೈಯಲ್ಲೇ ಕಲಿತವನು. ಈಗ ಸೋಲಾಪುರದ ಅಕ್ಕಲಕೋಟೆ ರಸ್ತೆ ಎಂಐಡಿಸಿಯಲ್ಲಿ ಟಾವೆಲ್ ಕಾರ್ಖಾನೆಯೊಂದರಲ್ಲಿ ಯಂತ್ರ ರಿಪೇರಿ ಕೆಲಸ. ಹೊಸ ಯಂತ್ರ ನೋಡಿ ಕಲಿತು ಬಾ ಅಂತ ಮಾಲೀಕರು ಅವನನ್ನು ಚೀನಾಕ್ಕೆ ಕಳಿಸಿದ್ದರು. ವಾಪಸ್ ಬಂದವನು ಸಿದ್ಧೇಶ್ವರ ಜಾತ್ರೆ ಮುಗಿಸಿಕೊಂಡು ಊರಿಗೆ ಬಂದ, ಶಾಲೆಗೂ ಬಂದ. “ಸರ, ನಿಮಗ ಚಾ ಅಂದ್ರ ಜೀವ ಅಲ್ರಿ, ಅದಕ್ಕ ತಂದೀನಿ” ಅಂತ ಡಬ್ಬಿ ಇಟ್ಟ. ಮುಚ್ಚಳ ತೆಗೆದು ನೋಡಿದೆ. ಒಳಗೆ ಚಹಾಪುಡಿ ಇಲ್ಲ! ಕಡಲೆಕಾಳಿನಷ್ಟು ದೊಡ್ಡ, ಮುದುಡಿಕೊಂಡ ಕರಿಹಸಿರು ಉಂಡೆಗಳು. ಮೂಸಿದರೆ ಹೂವಿನ ವಾಸನೆ. “ಇದೇನು ಚಹಾನೋ ಅತ್ತರೋ?” ಅಂದೆ. “ಊಲಾಂಗ್ ಅಂತಾರ್ರಿ ಸರ. ಬೆಟ್ಟದ ಚಾ” ಅಂದ.

ಅವನು ಆಮೇಲೆ ಹೇಳಿದ ಒಂದು ಮಾತಿಗಾಗಿಯೇ ನಾನು ಇದನ್ನು ಬರೆಯುತ್ತಿರೋದು. ಅದಕ್ಕೂ ಮೊದಲು ನವೆಂಬರ್ ತಿಂಗಳಲ್ಲಿ ನಡೆದ ಒಂದು ಸಂಗತಿ ಹೇಳಬೇಕು.

ನವೆಂಬರ್ ಅಂದರೆ ಗೊತ್ತಲ್ಲ, ಗಡಿ ಆಚೆ ಎಲ್ಲ ಕಡೆ ರಾಜ್ಯೋತ್ಸವ. ಒಂದು ಊರಿನಿಂದ ನಮ್ಮ ಮಕ್ಕಳಿಗೂ ಭಾಷಣ ಸ್ಪರ್ಧೆಗೆ ಕರೆ ಬಂದಿತ್ತು. ಊರಿನ ಹೆಸರು ಬೇಡ. ಆರನೇ ಇಯತ್ತೆಯ ಒಬ್ಬ ಹುಡುಗಿಯನ್ನು ಕರೆದುಕೊಂಡು ಹೋದೆ. ಅವಳ ಹೆಸರೂ ಬರೆಯೋದಿಲ್ಲ, ಬರೆದರೆ ನನ್ನ ಜೊತೆ ಮಾತು ಬಿಡ್ತಾಳೆ. ವಿಷಯ ‘ನಮ್ಮ ಮನೆಯ ಮುಂಜಾವು’. ಹುಡುಗಿ ಬಾಯಿಪಾಠ ಮಾಡಿದವಳಲ್ಲ. ತನ್ನ ಮನೆಯಲ್ಲಿ ನಡೆಯೋದನ್ನ ತನ್ನ ಮಾತಲ್ಲೇ ಹೇಳಿದಳು. ಅವ್ವ ನಸುಕಿನಾಗ ಎದ್ದು ಒಲಿ ಹೊತ್ತಸ್ತಾಳ, ಅಪ್ಪ ಬಶ್ಯಾಗ ಚಾ ಸುರಕೊಂಡು ಸುರ್ ಅಂತ ಕುಡೀತಾನ, ಆಮೇಲೆ ಸೈಕಲ್ ತಗೊಂಡು ಅಕ್ಕಲಕೋಟಿಗೆ ಹೋಗಿ ಮಂದಿಗೆಲ್ಲ ಚಾ ಮಾಡಿ ಕೊಡ್ತಾನ.... ‘ಸುರ್’ ಅಂದಾಗ ಸಭೆ ನಕ್ಕಿತು. ಅದು ಒಳ್ಳೆಯ ನಗು ಅಂತಲೇ ನಾನು ತಿಳಿದೆ.

ಕೊನೆಗೆ ತೀರ್ಪುಗಾರರೊಬ್ಬರು ಮೈಕ್ ಹಿಡಿದು, ಪ್ರೀತಿಯಿಂದಲೇ ಹೇಳಿದರು. “ಚೆನ್ನಾಗಿ ಮಾತಾಡ್ತೀಯ ಮಗು. ಆದರೆ ಈ ಚಾ, ಬಶಿ ಎಲ್ಲ ಮರಾಠಿ ಕಣಮ್ಮ. ಟೀ ಅನ್ನಬೇಕು, ಸಾಸರ್ ಅನ್ನಬೇಕು. ಗಡಿಯಲ್ಲಿರೋ ನೀವೇ ಶುದ್ಧ ಕನ್ನಡ ಮಾತಾಡದಿದ್ರೆ ಹೇಗೆ?”

ಟೀ, ಸಾಸರ್ ಯಾವ ಶುದ್ಧ ಕನ್ನಡ ಸ್ವಾಮಿ, ಅಂತ ಎದ್ದು ನಿಂತು ಕೇಳಬೇಕಿತ್ತು. ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದೆ, ಶಾಲು ಹೊದಿಸಿದ್ದರು, ಊಟ ಹಾಕಿದ್ದರು. ಸುಮ್ಮನೆ ಚಪ್ಪಾಳೆ ತಟ್ಟಿದೆ. ಇಪ್ಪತ್ತು ವರ್ಷದ ನೌಕರಿಯಲ್ಲಿ ನಾಚಿಕೆ ಪಡುವ ಕೆಲಸ ಕೆಲವು ಮಾಡಿದ್ದೇನೆ. ಆ ಚಪ್ಪಾಳೆ ಅದರಲ್ಲಿ ಒಂದು.

ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗಿ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ದುಧನಿ ದಾಟಿದ ಮೇಲೆ ಕೇಳಿದಳು. “ಸರ, ಹಂಗಾರ ನಾವ್ ಮಾತಾಡೋದು ಕನ್ನಡ ಅಲ್ಲೇನ್ರಿ?” “ಕನ್ನಡನೇ ಅದವ್ವಾ” ಅಂದೆ. ಅದರ ಮುಂದೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಮರುದಿನದಿಂದ ಅವಳು ವರ್ಗದಲ್ಲಿ ಪುಸ್ತಕದ ಭಾಷೆಯಲ್ಲಿ ಮಾತ್ರ ಉತ್ತರ ಕೊಡತೊಡಗಿದಳು. ಅದೂ ಕೇಳಿದರೆ ಮಾತ್ರ.

ಇನ್ನು ಡಬ್ಬಿಗೆ ಬರೋಣ.

ನಮ್ಮ ಹುಡುಗ ಇದ್ದದ್ದು ಚೀನಾದ ಫುಜಿಯಾನ್ ಪ್ರಾಂತ್ಯದಲ್ಲಿ, ಚುವಾನ್‌ಝೌ ಅನ್ನುವ ಊರಲ್ಲಿ. ಸಮುದ್ರದ ದಂಡೆಯ ಹಳೆಯ ಬಂದರು. ಏಳುನೂರು ವರ್ಷದ ಹಿಂದೆ ತಮಿಳು ವ್ಯಾಪಾರಿಗಳು ಅಲ್ಲಿ ಗುಡಿಯನ್ನೇ ಕಟ್ಟಿಸಿದ್ದರು. ಆ ಗುಡಿ ಹೋಯಿತು, ಅದರ ಕೆತ್ತನೆಯ ಕಂಬಗಳು ಈಗಲೂ ಅಲ್ಲಿನ ಕೈಯುವಾನ್ ಬೌದ್ಧ ದೇವಾಲಯದಲ್ಲಿವೆ. ಒಂದರ ಮೇಲೆ ನರಸಿಂಹ! ನಮ್ಮವನು ಫೋನಿನಲ್ಲಿ ಫೋಟೋ ತೋರಿಸಿದ. ಆ ಜಿಲ್ಲೆಯ ಒಳಗೇ ಆನ್‌ಶಿ ಅಂತ ಬೆಟ್ಟದ ತಾಲೂಕು, ಈ ಡಬ್ಬಿಯ ಚಹಾ ಅಲ್ಲಿಯದು.

ಅವನಿಗೆ ಅಲ್ಲಿ ಒಂದು ಸಂಗತಿ ಬಹಳ ಮೋಜು ಅನ್ನಿಸಿತ್ತಂತೆ. ಕಾರ್ಖಾನೆಯಲ್ಲಿ ಸಾಹೇಬರ ಜೊತೆ ಮಾತಾಡುವಾಗ ಎಲ್ಲರೂ ‘ಚಾ’ ಅನ್ನುತ್ತಾರೆ. ಅದೇ ಮಂದಿ ಊಟಕ್ಕೆ ಕೂತಾಗ, ಮನೆಗೆ ಕರೆದಾಗ, ಮುದುಕರ ಜೊತೆ ಮಾತಾಡುವಾಗ ‘ತೇ’ ಅನ್ನುತ್ತಾರೆ. “ಸರ, ಮನ್ಯಾಗಿನ ಭಾಷಾ ಬ್ಯಾರೆ, ಆಫೀಸಿನ ಭಾಷಾ ಬ್ಯಾರೆ ಅವ್ರದೂ. ನಮ್ಮಂಗ ನೋಡ್ರಿ” ಅಂದ. ಅಂದು ಅವನಿಗೆ ನಮ್ಮ ಚಹಾನೇ ಕುಡಿಸಿ ಕಳಿಸಿದೆ. ಆ ರಾತ್ರಿ ಈ ‘ಚಾ’, ‘ತೇ’ಗಳ ಬೆನ್ನು ಹತ್ತಿ ಕೂತೆ. ಹನ್ನೆರಡು ಗಂಟೆ ಆಯಿತು.

ವಿಷಯ ಇಷ್ಟು. ಚೀನಾದಲ್ಲಿ ಚಹಾಕ್ಕೆ ಬರೆಯುವ ಅಕ್ಷರ ಒಂದೇ. ಓದುವ ರೀತಿ ಎರಡು. ಬಹುಪಾಲು ಚೀನೀಯರು ಅದನ್ನು ‘ಚಾ’ ಅಂತ ಓದುತ್ತಾರೆ. ಫುಜಿಯಾನಿನ ದಕ್ಷಿಣದ ದಂಡೆಯವರು ಮಾತ್ರ ‘ತೇ’ ಅಂತ ಓದುತ್ತಾರೆ. 17ನೇ ಶತಮಾನದಲ್ಲಿ ಡಚ್ ವ್ಯಾಪಾರಿಗಳು ಚಹಾ ಕೊಂಡದ್ದು ಈ ಫುಜಿಯಾನಿನವರಿಂದ. ಹಾಗಾಗಿ ಎಲೆಯ ಜೊತೆ ‘ತೇ’ ಹಡಗು ಹತ್ತಿತು. ಡಚ್ಚರಿಂದ ಇಂಗ್ಲಿಷರಿಗೆ ಹೋಗಿ ‘ಟೀ’ ಆಯಿತು. ಪೋರ್ಚುಗೀಸರು ಇದ್ದದ್ದು ಮಕಾವಿನಲ್ಲಿ, ಅಲ್ಲಿ ‘ಚಾ’. ಇವತ್ತಿಗೂ ಪೋರ್ಚುಗೀಸ್ ಭಾಷೆಯಲ್ಲಿ ಚಹಾಕ್ಕೆ ‘ಚಾ’ ಅಂತಲೇ ಅನ್ನುತ್ತಾರೆ, ಥೇಟ್ ನಮ್ಮ ಟಪರಿಯಲ್ಲಿ ಕೂತವರ ಹಾಗೆ! ಒಂಟೆ, ಕುದುರೆಯ ಮೇಲೆ ನೆಲದ ದಾರಿಯಲ್ಲಿ ಹೋದದ್ದೂ ‘ಚಾ’ನೇ. ಪಾರಸಿ ನಾಡಿನಲ್ಲಿ ಅದು ‘ಚಾಯ್’ ಆಗಿ, ಹಿಂದಿ, ಉರ್ದುವಿಗೂ ಬಂತು.

ಅಂದರೆ ‘ಚಾ’ ಮರಾಠಿಯೂ ಅಲ್ಲ, ‘ಟೀ’ ಇಂಗ್ಲಿಷೂ ಅಲ್ಲ. ಎರಡೂ ಒಂದೇ ದೇಶದ ಎರಡು ಕಡೆಯ ಮಾತು. ನಮ್ಮ ಹುಡುಗಿ ಹೇಳಿದ್ದು ದೊಡ್ಡ ಪಾಲಿನ ಚೀನೀಯರು ಹೇಳುವ ಮಾತು. ತೀರ್ಪುಗಾರರು ಹೇಳಿದ್ದು ಚೀನಾದ ಒಂದು ಮೂಲೆಯವರ ಮನೆಮಾತು! ಇದು ನವೆಂಬರಿನಲ್ಲೇ ಗೊತ್ತಿದ್ದರೆ ಎದ್ದು ನಿಲ್ಲುತ್ತಿದ್ದೆನೇ? ನಿಲ್ಲುತ್ತಿದ್ದೆ ಅಂತ ಹೇಳಿಕೊಳ್ಳಲು ಈಗ ಸುಲಭ, ಬಿಡಿ.

ಇದನ್ನು ಅವಳಿಗೆ ಒಬ್ಬಳನ್ನೇ ಕರೆದು ಹೇಳಿದರೆ ಪ್ರಯೋಜನ ಇಲ್ಲ ಅನ್ನಿಸಿತು. ಅವಮಾನ ಆದದ್ದು ನಾಲ್ಕು ಮಂದಿಯ ಮುಂದೆ. ಹಾಗಾಗಿ ಇಡೀ ವರ್ಗಕ್ಕೆ ಚಹಾ ಮಾಡಿ ಕುಡಿಸಿ ಹೇಳೋದು ಅಂತ ನಿಶ್ಚಯ ಮಾಡಿದೆ.

ಅದಕ್ಕೂ ಮೊದಲು ಒಮ್ಮೆ ಮಾಡಿ ನೋಡಬೇಕಲ್ಲ? ಶಾಲೆಯ ಗ್ಯಾಸ್ ಒಲೆ ಮೇಲೆ, ನಮ್ಮ ಬೋರಿನ ನೀರಲ್ಲಿ ಮಾಡಿದೆ. ಶಿವಾ ಶಿವಾ! ಮೇಲೆ ಎಣ್ಣೆಯ ಹಾಗೆ ಪದರ ಕಟ್ಟಿತು, ಬಣ್ಣ ಮಂಕು, ರುಚಿ ಸಪ್ಪೆ. “ಏನ್ ಸರ, ಹತ್ತಿ ಎಲಿ ಕುದಿಸ್ಯಾರೇನು?” ಅಂದರು ನಮ್ಮ ಸಹೋದ್ಯೋಗಿ ಬಾಯಿಯವರು. ಡಬ್ಬಿಯ ತಪ್ಪಲ್ಲ ಅದು, ನೀರಿನ ತಪ್ಪು. ನಮ್ಮ ಭಾಗದ ಬೋರಿನ ನೀರು ಎಂಥದು ಅಂತ ಸಾಬೂನು ಹಚ್ಚಿ ನೊರೆ ಬರದೇ ಒದ್ದಾಡಿದ ಎಲ್ಲರಿಗೂ ಗೊತ್ತು. ಅದರಲ್ಲಿರುವ ಸುಣ್ಣದ ಅಂಶ ಚಹಾದ ಸತ್ವದ ಜೊತೆ ಸೇರಿ ಪದರ ಕಟ್ಟುತ್ತದೆ, ಪರಿಮಳ ಮೇಲೇಳಲು ಬಿಡೋದಿಲ್ಲ. ನಮ್ಮ ಚಹಾಕ್ಕೆ ಹಾಲು, ಶುಂಠಿ, ಸಕ್ಕರೆ ಇರೋದರಿಂದ ಈ ದೋಷ ಮುಚ್ಚಿಹೋಗುತ್ತದೆ, ಅಷ್ಟೇ.

ಲೂ ಯೂ ಅನ್ನುವ ಚೀನೀ ಪಂಡಿತ 8ನೇ ಶತಮಾನದಲ್ಲೇ ಚಹಾದ ಬಗ್ಗೆ ಒಂದು ಗ್ರಂಥ ಬರೆದ. ಚಹಾಕ್ಕೆ ಬೆಟ್ಟದ ನೀರು ಉತ್ತಮ, ನದಿಯ ನೀರು ಮಧ್ಯಮ, ಬಾವಿ ನೀರು ಕನಿಷ್ಠ ಅಂತ ಅವನ ಲೆಕ್ಕ. ಅಕ್ಕಲಕೋಟೆ ತಾಲೂಕಿನಲ್ಲಿ ಬೆಟ್ಟದ ನೀರು ಎಲ್ಲಿಂದ ತರೋಣ? ಇಪ್ಪತ್ತು ಲೀಟರಿನ ಫಿಲ್ಟರ್ ನೀರಿನ ಜಾರ್ ತರಿಸಿದೆ. ಎರಡನೇ ಸಲ ಮಾಡಿದಾಗ ಬಾಯಿಯವರು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಸುಮ್ಮನೆ ನಿಂತುಬಿಟ್ಟರು. “ಸರ, ಇದು ಮಲ್ಲಿಗೆನೂ ಅಲ್ಲ, ಸಂಪಿಗೆನೂ ಅಲ್ಲ.... ಏನು ಹಾಕ್ಯಾರ್ರಿ ಇದಕ್ಕ?” ಅಂದರು. ಏನೂ ಹಾಕಿಲ್ಲ. ಅದೇ ಅದರ ಹೆಚ್ಚಳ.

ಫೆಬ್ರವರಿಯ ಒಂದು ಶನಿವಾರ. ಶನಿವಾರ ಮುಂಜಾನೆ ಶಾಲೆ, ಮಕ್ಕಳ ಮೈಮೇಲೆ ಇನ್ನೂ ಚಳಿ. ಮೊದಲು ಗೋಡೆಗೆ ಚೀನಾದ ನಕಾಶೆ ತೂಗುಹಾಕಿದೆ. ನಮ್ಮ ಮಕ್ಕಳಿಗೆ ಚೀನಾ ತೀರಾ ಅಪರಿಚಿತ ಅಲ್ಲ. ಸೋಲಾಪುರಕ್ಕೆ ಸಹಲಿಗೆ ಹೋದಾಗ ಭೈಯಾ ಚೌಕಿನ ಡಾ. ಕೋಟ್ನಿಸ್ ಸ್ಮಾರಕ ನೋಡಿದ್ದಾರೆ. 1910ರಲ್ಲಿ ಸೋಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್ 1938ರಲ್ಲಿ ಭಾರತದ ಐದು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದವರು. ಚೀನೀ ಭಾಷೆ ಕಲಿತರು, ಯುದ್ಧದಲ್ಲಿ ಗಾಯಗೊಂಡವರಿಗೆ ಶಸ್ತ್ರಚಿಕಿತ್ಸೆ ಮಾಡಿದರು, ಅಲ್ಲಿಯ ದಾದಿ ಗುವೋ ಚಿಂಗ್‌ಲಾನ್ ಅವರನ್ನು ಮದುವೆಯಾದರು, 1942ರ ಡಿಸೆಂಬರಿನಲ್ಲಿ 32ನೇ ವಯಸ್ಸಿಗೇ ತೀರಿಹೋದರು. ಮಗನಿಗೆ ಇಟ್ಟ ಹೆಸರು ಯಿನ್‌ಹುವಾ. ಯಿನ್ ಅಂದರೆ ಭಾರತ, ಹುವಾ ಅಂದರೆ ಚೀನಾ. ಅವರು ದುಡಿದ ಪ್ರದೇಶಕ್ಕೆ ಆಗ ‘ಜಿನ್-ಚಾ-ಜಿ ಗಡಿ ಪ್ರದೇಶ’ ಅಂತ ಹೆಸರಿತ್ತು. “ಚಾ ಗಡಿ ಏನ್ರಿ ಸರ?” ಅಂತ ಹುಡುಗರು ನಕ್ಕರು. ಆ ‘ಚಾ’ ಚಹಾರ್ ಅನ್ನುವ ಪ್ರಾಂತ್ಯದ್ದು, ಕುಡಿಯುವ ಚಹಾದ್ದಲ್ಲ. ಆದರೂ ನಗು ನನಗೆ ಬೇಕಾಗಿತ್ತು, ಬಿಟ್ಟೆ. ಅವಳು ಮಾತ್ರ ನಗಲಿಲ್ಲ.

ಆಮೇಲೆ ಪ್ರತಿಯೊಬ್ಬರ ಅಂಗೈಗೆ ಒಂದೊಂದು ಒಣ ಉಂಡೆ ಇಟ್ಟೆ. ಗಾಜಿನ ಲೋಟದಲ್ಲಿ ನಾಲ್ಕಾರು ಉಂಡೆ ಹಾಕಿ ಕುದಿಯುವ ನೀರು ಸುರಿದೆ. ಇದನ್ನು ನೀವೂ ಒಮ್ಮೆ ನೋಡಬೇಕು. ಉಂಡೆ ಮೆಲ್ಲಗೆ ಹೊರಳುತ್ತದೆ, ತೊಟ್ಟು ಚಾಚುತ್ತದೆ, ನಿದ್ದೆಯಿಂದ ಎದ್ದ ಕೂಸಿನ ಹಾಗೆ ಮೈಮುರಿಯುತ್ತದೆ. ಐದು ನಿಮಿಷದಲ್ಲಿ ಲೋಟದ ತುಂಬ ಅಂಗೈ ಉದ್ದದ ಇಡೀ ಎಲೆಗಳು! ಪುಡಿಯಲ್ಲ, ಚೂರಲ್ಲ. ಒಂದು ಎಲೆ ತೆಗೆದು ಬಿಳಿ ಬಶಿಯ ಮೇಲೆ ಹರಡಿ ಮಕ್ಕಳ ನಡುವೆ ತಿರುಗಿಸಿದೆ. “ಏನು ಕಾಣಿಸ್ತದ?” ಅಂದೆ. ಹಸಿರು ಅಂದರು. “ಅಂಚು ನೋಡ್ರಿ.” ಅಂಚಿನ ಸುತ್ತ ತೆಳ್ಳಗೆ ಕೆಂಪು. ಒಬ್ಬ ಹುಡುಗ ಕೂಗಿದ, “ಸರ, ಹಸಿರು ಸೀರಿಗೆ ಕೆಂಪು ದಡಿ!”

ಚೀನೀಯರೂ ಇದನ್ನು ಹೆಚ್ಚು ಕಡಿಮೆ ಹಾಗೇ ವರ್ಣಿಸುತ್ತಾರೆ, ಹಸಿರೆಲೆಗೆ ಕೆಂಪು ಅಂಚು ಅಂತ. ನೇಕಾರರ ಸೋಲಾಪುರದ ಪಕ್ಕದ ಹುಡುಗನಿಗೆ ಅದು ದಡಿ ಅಂತ ಕಂಡಿತು.

ಆ ದಡಿ ಬರುವ ರೀತಿಯನ್ನು ಬದನೆಕಾಯಿ ಹೆಚ್ಚಿ ತೋರಿಸಿದೆ. ಹೆಚ್ಚಿಟ್ಟ ಬದನೆಕಾಯಿ ಸ್ವಲ್ಪ ಹೊತ್ತಿಗೆ ಕಂದು ಆಗುತ್ತದಲ್ಲ, ಅದೇ. ಜೀವಕೋಶ ಒಡೆದಾಗ ಒಳಗಿನ ಪಾಲಿಫಿನಾಲ್ ಎಂಬ ರಸಕ್ಕೆ ಗಾಳಿಯೂ ಒಂದು ಕಿಣ್ವವೂ ಸೇರಿ ಬಣ್ಣ, ವಾಸನೆ ಬದಲಾಗುತ್ತವೆ. ಕಿತ್ತ ಎಲೆಗೆ ಕೂಡಲೇ ಶಾಖ ಕೊಟ್ಟು ಕಿಣ್ವವನ್ನು ಕೊಂದರೆ ಹಸಿರು ಚಹಾ. ಪೂರ್ತಿ ಬದಲಾಗಲು ಬಿಟ್ಟರೆ ನಾವು ಕುಡಿಯುವ ಕೆಂಪು ಚಹಾ (ಇಂಗ್ಲಿಷಿನಲ್ಲಿ ಅದಕ್ಕೆ ಕಪ್ಪು ಅನ್ನುತ್ತಾರೆ, ಚೀನೀಯರು ನಮ್ಮ ಹಾಗೇ ಕೆಂಪು ಅನ್ನುತ್ತಾರೆ). ಗಿಡ ಎಲ್ಲದಕ್ಕೂ ಒಂದೇ ಜಾತಿಯದು. ಊಲಾಂಗ್ ಇವೆರಡರ ನಡುವಿನದು. ಚೀನೀ ಭಾಷೆಯಲ್ಲಿ ಆ ಹೆಸರಿಗೆ ಕರಿ ಡ್ರ್ಯಾಗನ್ ಅಂತ ಅರ್ಥ.

ನಡುವಿನದು ಅಂದರೆ ಸುಲಭದ್ದು ಅಂತ ತಿಳಿಯಬೇಡಿ. ಹೆಚ್ಚು ಕಷ್ಟ ಇದರದ್ದೇ. ಎಳೆಯ ಚಿಗುರನ್ನು ಕೀಳೋದಿಲ್ಲ, ಎಲೆ ಬಿಚ್ಚಿ ಬಲಿಯಬೇಕು. ಕಿತ್ತದ್ದನ್ನು ಬಿಸಿಲಿಗೆ ಹರಡಿ ಬಾಡಿಸುತ್ತಾರೆ. ಸಂಜೆಯಿಂದ ಬಿದಿರಿನ ಮೊರಗಳಲ್ಲಿ, ಬಿದಿರಿನ ಪೀಪಾಯಿಗಳಲ್ಲಿ ಹಾಕಿ ಅಲುಗಾಡಿಸುತ್ತಾರೆ. ಅಂಚಿಗೆ ಅಂಚು ತಾಗಿ ಅಂಚು ಮಾತ್ರ ಜಜ್ಜಬೇಕು, ನಡುವಿನ ಭಾಗಕ್ಕೆ ಪೆಟ್ಟು ಬೀಳಬಾರದು. ಅಲುಗಾಡಿಸೋದು, ಬಿಡೋದು, ಮತ್ತೆ ಅಲುಗಾಡಿಸೋದು, ಬಿಡೋದು. ರಾತ್ರಿ ಪೂರ್ತಿ ಇದೇ. ಮಾಡುವವನು ಮಲಗೋದಿಲ್ಲ. ಆಗಾಗ ಮುಖವನ್ನು ಎಲೆಯ ಹತ್ತಿರ ತಂದು ಮೂಸಿ ನೋಡುತ್ತಾನೆ. ಹಸಿ ಹುಲ್ಲಿನ ವಾಸನೆ ಹೋಗಿ ಹೂವಿನ ವಾಸನೆ ಬಂದ ಕ್ಷಣ ಬಿಸಿ ಬಾಣಲೆಗೆ ಹಾಕಿ ನಿಲ್ಲಿಸಬೇಕು. ಸ್ವಲ್ಪ ಹೆಚ್ಚು ಕಡಿಮೆ ಆದರೂ ಕೆಟ್ಟಿತು. ಆನ್‌ಶಿಯಲ್ಲಿ ಆಮೇಲೆ ಬಟ್ಟೆಯಲ್ಲಿ ಗಂಟು ಕಟ್ಟಿ ಉರುಳಿಸಿ ಉರುಳಿಸಿ ಈ ಉಂಡೆ ಮಾಡುತ್ತಾರೆ. ಚೀನಾದ ಇಂಥ ಚಹಾ ತಯಾರಿಕೆಯ ಪದ್ಧತಿಗಳನ್ನು ಯುನೆಸ್ಕೊ 2022ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೆಟ್ಟದ್ದೇ ಯಾಕೆ ಆಗಬೇಕು? ಎತ್ತರದಲ್ಲಿ ಮಂಜು ಇರುತ್ತದೆ, ರಾತ್ರಿ ತಂಪು, ಬಿಸಿಲು ನೇರ ಬೀಳೋದಿಲ್ಲ. ಎಲೆ ನಿಧಾನಕ್ಕೆ ಬೆಳೆಯುತ್ತದೆ, ಕಹಿ ಕಡಿಮೆ, ಪರಿಮಳ ಹೆಚ್ಚು. ನೆಲದ ಗುಣವೂ ಇದೆ. ಅದೇ ಫುಜಿಯಾನಿನ ಉತ್ತರಕ್ಕೆ ವೂಯಿ ಬೆಟ್ಟ, ಅಲ್ಲಿ ಕಲ್ಲಿನ ಸಂದಿಯಲ್ಲಿ ಬೆಳೆದ ಚಹಾಕ್ಕೆ ‘ಬಂಡೆ ಚಹಾ’ ಅಂತಲೇ ಹೆಸರು. ಆ ಬಂಡೆಯ ರುಚಿ ಬೇರೆ ಕಡೆ ನೆಟ್ಟರೆ ಬರೋದಿಲ್ಲವಂತೆ. ನಮ್ಮ ಮಂಗಳವೇಢೆಯ ಮಾಲದಂಡಿ ಜೋಳದ ಹಾಗೆ ಅಂದುಕೊಳ್ಳಿ. ವೂಯಿಯ ಒಂದು ಬಂಡೆಗೋಡೆಯ ಮೇಲೆ ‘ದಾ ಹೊಂಗ್ ಪಾವ್’, ಅಂದರೆ ದೊಡ್ಡ ಕೆಂಪು ನಿಲುವಂಗಿ ಅನ್ನುವ ಹೆಸರಿನ ಆರು ಮೂಲ ಗಿಡಗಳಿವೆ. 2006ರಿಂದ ಅವುಗಳ ಎಲೆ ಕೀಳೋದನ್ನೇ ನಿಲ್ಲಿಸಿದ್ದಾರೆ. ಕೊನೆಯ ಸಲ ಕಿತ್ತದ್ದರಲ್ಲಿ 20 ಗ್ರಾಂ ಬೀಜಿಂಗಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ಚಹಾ ಮ್ಯೂಸಿಯಮ್ಮಿನಲ್ಲಿ!

ನಮ್ಮ ಡಬ್ಬಿಯ ಚಹಾದ ಹೆಸರು ‘ತಿಯೆ ಗುವಾನ್‌ಯಿನ್’. ತಿಯೆ ಅಂದರೆ ಕಬ್ಬಿಣ. ಗುವಾನ್‌ಯಿನ್ ಅಂದರೆ ಕರುಣೆಯ ದೇವಿ. ಬಡ ರೈತನೊಬ್ಬನಿಗೆ ಆ ದೇವಿಯೇ ಗಿಡ ತೋರಿಸಿದಳು ಅಂತ ಕಥೆ. ಈ ದೇವಿ ಯಾರು ಗೊತ್ತೇ? ನಮ್ಮ ಅವಲೋಕಿತೇಶ್ವರ! ಬೌದ್ಧರ ಜೊತೆ ಭಾರತದಿಂದ ಹೋಗಿ, ಅಲ್ಲಿಯ ಭಾಷೆ ಉಟ್ಟು, ಕೊನೆಗೆ ಹೆಣ್ಣಿನ ರೂಪವನ್ನೇ ತಾಳಿದ. ಮಂಗಳೂರಿನ ಕದ್ರಿ ದೇವಸ್ಥಾನದಲ್ಲಿ 968ನೇ ಇಸವಿಯ ಲೋಕೇಶ್ವರನ ಕಂಚಿನ ಮೂರ್ತಿ ಇದೆ, ಅವನೂ ಇವನೇ. ಹೆಸರು ಅಲ್ಲಿಗೆ ಹೋಯಿತು, ಚಹಾ ಇಲ್ಲಿಗೆ ಬಂತು.

ಬಂದ ಬಗೆ ಮಾತ್ರ ಅಷ್ಟು ಚೆಂದ ಇಲ್ಲ. ಇಂಗ್ಲಿಷರು ಚಹಾಕ್ಕಾಗಿ ಚೀನಾಕ್ಕೆ ಅಫೀಮು ಮಾರಿದರು, ಯುದ್ಧ ಮಾಡಿದರು. 1849ರಲ್ಲಿ ರಾಬರ್ಟ್ ಫಾರ್ಚೂನ್ ಎಂಬ ಸಸ್ಯಶಾಸ್ತ್ರಿ ಚೀನೀ ವೇಷ ಹಾಕಿಕೊಂಡು ಈ ವೂಯಿ ಬೆಟ್ಟಕ್ಕೇ ಹೋಗಿ ಬಂದ. ಮುಂದೆ ಸಸಿಗಳನ್ನೂ ಕೆಲಸಗಾರರನ್ನೂ ಹಿಮಾಲಯದ ತಪ್ಪಲಿಗೆ ತಂದರು. ಕನ್ನಡದ ಸೋದರ ನುಡಿ ಆಡುವ ಬಡಗರ ನೀಲಗಿರಿಯಲ್ಲೂ, ನಡುವಟ್ಟಂ ಜೈಲಿನಲ್ಲಿದ್ದ ಚೀನೀ ಕೈದಿಗಳನ್ನು ತೋಟದ ಕೆಲಸಕ್ಕೆ ಹಚ್ಚಿದ್ದರು. ಇವತ್ತು ಆ ಬಡಗರೇ ಸಣ್ಣ ಸಣ್ಣ ಚಹಾ ತೋಟಗಳ ಒಡೆಯರು. ಅಸ್ಸಾಮಿನಲ್ಲಿ ಅಲ್ಲಿಯದೇ ಗಿಡ ಇತ್ತು, ನಾವು ಕುಡಿಯುವ ಕಾಳು ಚಹಾದ ಬಹುಪಾಲು ಆ ತಳಿಯದು. ಸೋಲಾಪುರದ ಗಿರಣಿಯಲ್ಲಿ ದುಡಿದ ನನ್ನ ಅಜ್ಜ ಹೇಳುತ್ತಿದ್ದ, ಮೊದಲು ಅವನ ಮನೆಯಲ್ಲಿ ಚಹಾ ಇರಲೇ ಇಲ್ಲ, ಗಿರಣಿಯ ಬಾಗಿಲಲ್ಲೇ ಅದರ ರೂಢಿ ಬಿದ್ದದ್ದು ಅಂತ.

ಪಾಠ ಉದ್ದ ಆಯಿತು, ಗೊತ್ತು. ಮಕ್ಕಳಿಗೆ ಬಟ್ಟಲು ಕೊಟ್ಟೆ. “ಸಕ್ರಿ ಇಲ್ಲೇನ್ರಿ?” ಅಂದರು ಅರ್ಧ ಮಂದಿ. ಆಗ ‘ಚಾ’, ‘ತೇ’ ಕಥೆ ಹೇಳಿದೆ. ಹಲಗೆಯ ಮೇಲೆ ಒಂದು ಕಡೆ ಚಾ, ಒಂದು ಕಡೆ ತೇ ಬರೆದು, ಎರಡರಿಂದಲೂ ಗೆರೆ ಎಳೆದು ನಮ್ಮೂರಿಗೆ ಮುಟ್ಟಿಸಿದೆ. ಇನ್ನೊಂದು ಮಾತೂ ಹೇಳಿದೆ. ಚಹಾದ ಪರೀಕ್ಷೆ ಮಾಡುವುದೇ ನೌಕರಿಯಾದವರು ಪ್ರಪಂಚದಲ್ಲಿದ್ದಾರೆ. ಅವರು ಚಹಾವನ್ನು ಗುಟುಕರಿಸೋದಿಲ್ಲ, ಸುರ್ ಅಂತ ಸದ್ದು ಮಾಡಿಯೇ ಎಳೆಯುತ್ತಾರೆ. ಗಾಳಿ ಸೇರಿ ಪರಿಮಳ ಮೂಗಿಗೆ ಏರಲಿ ಅಂತ. ಹೇಳಿ ಮುಗಿಸುವುದರೊಳಗೆ ಇಡೀ ವರ್ಗ ಸುರ್ ಸುರ್! ಪಕ್ಕದ ವರ್ಗದಿಂದ ಬಾಯಿಯವರು ಓಡಿ ಬಂದರು. ಆ ಗದ್ದಲದಲ್ಲಿ ನಾನು ಅವಳ ಕಡೆ ನೋಡಲಿಲ್ಲ. ನೋಡುವ ಧೈರ್ಯ ಆಗಲಿಲ್ಲ. “ನವೆಂಬರದಾಗ ನಾನು ಇದನ್ನ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನನ್ನದು” ಅಂತ ಮಾತ್ರ ಹಲಗೆ ಕಡೆ ತಿರುಗಿ ಅಂದೆ.

ಶಾಲೆ ಬಿಟ್ಟ ಮೇಲೆ ಅವಳ ಅಪ್ಪ ಬಂದ. ನಾನು ಕರೆಸಿರಲಿಲ್ಲ. ಅಕ್ಕಲಕೋಟೆ ಬಸ್ ಸ್ಟ್ಯಾಂಡಿನ ಹತ್ತಿರ ಅವನದು ಚಹಾದ ಟಪರಿ. ಪುಣೆ, ಮುಂಬೈಯಿಂದ ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರ ಜೊತೆ ಮರಾಠಿ, ಸೋಲಾಪುರದ ಪದ್ಮಶಾಲಿಗಳ ಜೊತೆ ನಾಲ್ಕು ಮಾತು ತೆಲುಗು, ಮನೆಯಲ್ಲಿ ಕನ್ನಡ. “ಸರ, ಎಲ್‌ಸಿ ಸಲುವಾಗಿ ಬಂದೀನ್ರಿ. ಜೂನದಾಗ ಅಕ್ಕಲಕೋಟಿಗೆ ಮರಾಠಿ ಶಾಳಿಗೆ ಹಾಕಬೇಕಂತ ಮಾಡೀನಿ. ಮುಂದ ಕಾಲೇಜು, ನೌಕ್ರಿ ಎಲ್ಲಾ ಮರಾಠಿನೇ ಅಲ್ರಿ. ಅದೂ ಅಲ್ದ ಪಾರು ಬಾಯಿನೇ ಬಿಡವಲ್ದು” ಅಂದ. ಅವನು ಹೇಳಿದ್ದರಲ್ಲಿ ಸುಳ್ಳು ಒಂದೂ ಇಲ್ಲ. ಜಯದೇವಿತಾಯಿ ಲಿಗಾಡೆಯವರಂಥವರು ಸೋಲಾಪುರದಲ್ಲಿ ಕನ್ನಡಕ್ಕಾಗಿ ಪಟ್ಟ ಪಾಡನ್ನು ಅವನಿಗೆ ಹೇಳಿ ಪ್ರಯೋಜನವೂ ಇಲ್ಲ. ಅವನಿಗೆ ಬೇಕಾದದ್ದು ಮಗಳ ಮುಂದಿನ ದಾರಿ.

ಫಾರ್ಮ್ ತೆಗೆದೆ. ತುಂಬುವುದರೊಳಗೆ, “ಚಾ ಕುಡೀತಿಯೇನಪಾ?” ಅಂತ ಕೇಳಿದೆ. ಬೆಳಗಿನ ಎಲೆಗೇ ನಾಲ್ಕನೇ ಸಲ ಬಿಸಿನೀರು ಹಾಕಿ ಕೊಟ್ಟೆ. ಅವನು ಬಣ್ಣ ನೋಡಿದ. ಮೂಸಿದ. ಮಾತಾಡಲಿಲ್ಲ. ಬಶಿಗೆ ಸುರಿದುಕೊಂಡ. ಸುರ್ ಅಂತ ಎಳೆದ. ಬಾಗಿಲಲ್ಲಿ ನಿಂತಿದ್ದ ಮಗಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು, ಆದರೆ ಕಣ್ಣು ನಗುತ್ತಿದ್ದವು.

“ಇದಕ್ಕ ಹಾಲು ಹಾಕಬಾರದು ಸರ, ಸತ್ತು ಹೋಗ್ತದ” ಅಂದ. ಯಾರೂ ಹೇಳಿಕೊಟ್ಟದ್ದಲ್ಲ, ಇಪ್ಪತ್ತು ವರ್ಷ ಚಹಾದ ಮುಂದೆ ನಿಂತವನ ನಾಲಿಗೆ ಹೇಳಿತು. “ಎಷ್ಟನೇ ನೀರ್ರಿ ಇದು?” “ನಾಕನೇದು. ಏಳು ಸಲ ತನಕ ಬರ್ತದಂತ.” “ಏಳು ಸಲ! ನಮ್ಮ ಧಂದೆಕ್ಕ ಇಂಥಾದು ಬೇಕಿತ್ತು ನೋಡ್ರಿ” ಅಂತ ನಕ್ಕ. ಆಮೇಲೆ ಡಬ್ಬಿ ಕೈಯಲ್ಲಿ ಹಿಡಿದು, ಅದರ ಮೇಲಿನ ಚೀನೀ ಅಕ್ಷರ ತಿರುಗಿಸಿ ತಿರುಗಿಸಿ ನೋಡಿ ಕೇಳಿದ. “ಅವ್ರ ಭಾಷೆದಾಗ ಇದಕ್ಕ ಏನಂತಾರ್ರಿ ಸರ?”

ನಾನು ಬಾಯಿ ತೆಗೆಯುವ ಮೊದಲೇ ಬಾಗಿಲ ಕಡೆಯಿಂದ ಉತ್ತರ ಬಂತು. “ಚಾ ಅಂತಾರ ಅಪ್ಪಾ. ಮನ್ಯಾಗ ತೇ ಅಂತಾರ.” ನವೆಂಬರ್ ನಂತರ ಕೇಳದೇ ಇದ್ದಾಗ ಅವಳು ಆಡಿದ ಮೊದಲ ಮಾತು ಅದು. ಒಳಗೆ ಬಂದು ಬಶಿಯಲ್ಲಿದ್ದ ಎಲೆಯನ್ನು ಅಪ್ಪನಿಗೆ ತೋರಿಸಿ ದಡಿ ಹೇಗೆ ಬಂತು, ಬದನೆಕಾಯಿ ಹೇಗೆ ಕಂದು ಆಯಿತು ಎಲ್ಲ ಹೇಳಿದಳು. ಹೇಳುತ್ತಾ ಹೇಳುತ್ತಾ ನಾನು ಇರೋದನ್ನೇ ಮರೆತಳು. ಅಪ್ಪ ಬಶಿ ಕೈಯಲ್ಲಿ ಹಿಡಿದೇ ಕೇಳುತ್ತಿದ್ದ.

ಹೋಗುವಾಗ ಅವನು ಎಲ್‌ಸಿಯ ಮಾತು ಎತ್ತಲಿಲ್ಲ. ಬೇಡ ಅಂತಲೂ ಹೇಳಲಿಲ್ಲ. “ಪರೀಕ್ಷಾ ಮುಗೀಲಿ ಸರ, ನೋಡೋಣು” ಅಂದ. ಅವಳು ಆ ಒದ್ದೆ ಎಲೆಯನ್ನು ವಹಿಯ ಹಾಳೆಗಳ ನಡುವೆ ಇಟ್ಟುಕೊಂಡು ಸೈಕಲ್ಲಿನ ಹಿಂದೆ ಕೂತು ಹೋದಳು.

ಅರ್ಧ ತುಂಬಿದ ಫಾರ್ಮ್ ನನ್ನ ಡ್ರಾವರಿನಲ್ಲೇ ಇದೆ. ಹೆಸರು, ಹುಟ್ಟಿದ ತಾರೀಖು, ಮಾತೃಭಾಷೆ ಇಷ್ಟು ಬರೆದಿದ್ದೇನೆ. ಡಬ್ಬಿಯಲ್ಲಿ ಇನ್ನೂ ಮೂರು ಸಲಕ್ಕೆ ಆಗುವಷ್ಟು ಚಹಾ ಉಳಿದಿದೆ.